ಏಳರಿಂದ ಎಂಟಕ್ಕೆ: ಮೂಡಿಗೆರೆಯ ತಾಯಿಯ ಪ್ರಶ್ನೆಗೆ

ನಮಸ್ಕಾರ. ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ ಮಗಳು ಮೂಡಿಗೆರೆಯ ಪ್ರೌಢಶಾಲೆ ಎಂದರೆ ಅಳುತ್ತಾಳೆ, ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಲೇ ಎಂದು ಕೇಳಿದ್ದೀರಿ.

ಈ ವರ್ಷ ಬೇಡ. ಗೆಳತಿಯರು, ಬಸ್ಸು, ವಿಷಯಕ್ಕೊಬ್ಬ ಶಿಕ್ಷಕರು, ಎಲ್ಲವೂ ಒಟ್ಟಿಗೆ ಬದಲಾಗುವಾಗ ಪಾಠದ ಭಾಷೆಯೂ ಬದಲಾದರೆ ಮಗುವಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಎಸ್ಸೆಸ್ಸೆಲ್ಸಿಯನ್ನು ಕನ್ನಡದಲ್ಲೇ ಬರೆಯಬಹುದು. ವಿಜ್ಞಾನ, ಗಣಿತದ ಪದಗಳನ್ನು ದಿನಕ್ಕೆ ನಾಲ್ಕಾರರಂತೆ ಎರಡೂ ಭಾಷೆಗಳಲ್ಲಿ ಬರೆಸುತ್ತಾ ಬನ್ನಿ, ಪಿಯುಸಿಗೆ ಒದಗುತ್ತದೆ.

ಆದರೆ ಅಳುವಿಗೆ ಕಾರಣ ಪಾಠವೇ ಎಂದುಕೊಳ್ಳಬೇಡಿ, ಕೇಳಿ ನೋಡಿ. ಬಸ್ ತಪ್ಪಿದರೆ ಏನು ಮಾಡುವುದು, ಶೌಚಾಲಯ ಎಲ್ಲಿದೆ, ಮುಟ್ಟಾದರೆ ಯಾರಿಗೆ ಹೇಳುವುದು? ಈ ವಯಸ್ಸಿನ ಹೆಣ್ಣುಮಕ್ಕಳು ಇಂಥವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಶಾಲೆ ತೆರೆಯುವ ಮೊದಲೇ ಅವಳೊಂದಿಗೆ ಅದೇ ಬಸ್ಸಿನಲ್ಲಿ ಹೋಗಿ, ಒಬ್ಬ ಶಿಕ್ಷಕಿಯ ಪರಿಚಯ ಮಾಡಿಸಿ ಬನ್ನಿ. ನಮ್ಮ ಕಡೆಯ ಜೂನ್ ಮಳೆ ನಿಮಗೆ ಹೇಳಬೇಕಿಲ್ಲ. ಬ್ಯಾಗಿನಲ್ಲಿ ಒಂದು ಜೊತೆ ಒಣ ಬಟ್ಟೆ ಇರಲಿ. ನೆನೆದ ಬಟ್ಟೆಯಲ್ಲಿ ಸಂಜೆಯವರೆಗೆ ಕೂರುವ ಮಗುವಿಗೆ ಯಾವ ಶಾಲೆಯೂ ಹಿಡಿಸದು.

ಬುತ್ತಿಯ ಚಿಂತೆ ಬೇಡ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಿಸಿಯೂಟ ಹತ್ತನೆಯ ತರಗತಿವರೆಗೂ ಇದೆ. ಇನ್ನೊಂದು ಮಾತು: ಈ ಶಾಲೆಗಳ ಮಕ್ಕಳಿಗೆ ಎಂಟರಲ್ಲೇ ಎನ್‌ಎಂಎಂಎಸ್ ಎಂಬ, ಕಡಿಮೆ ಆದಾಯದ ಮನೆಗಳ ಜಾಣ ಮಕ್ಕಳನ್ನು ಆರಿಸುವ ಕೇಂದ್ರ ಸರ್ಕಾರದ ಯೋಜನೆಯ ಪರೀಕ್ಷೆ ಇರುತ್ತದೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಆದಾಯ ಪ್ರಮಾಣಪತ್ರ ಬೇಕಾಗುತ್ತದೆ, ಈಗಲೇ ಮಾಡಿಸಿಡಿ.