ಕಾರಿನ ಶೆಡ್ಡು ತೆರವು ಮಾಡುವ ಮುನ್ನ

ಪ್ರಶ್ನೆ: ಮೈಸೂರಿನಲ್ಲಿ ಮಾವನವರು ಕಟ್ಟಿಸಿದ ಮನೆ ನಮ್ಮದು. ಕಾರಿನ ಶೆಡ್ಡಿನ ತುಂಬ ಅವರ ಹಳೆಯ ಸ್ಕೂಟರು, ಯುಪಿಎಸ್ ಬ್ಯಾಟರಿಗಳು, ಬಣ್ಣದ ಡಬ್ಬಗಳು, ಟೈರುಗಳು, ರದ್ದಿ ಕಾಗದದ ಕಟ್ಟುಗಳು ಇವೆ. ಇಲಿಗಳ ಕಾಟವೂ ಇದೆ. ಮಾವನವರು ತೀರಿಕೊಂಡ ಮೇಲೆ ಏನನ್ನೂ ಎಸೆಯಲು ಅತ್ತೆಯವರಿಗೆ ಮನಸ್ಸಾಗುತ್ತಿಲ್ಲ. ಆಯುಧಪೂಜೆಯ ಹೊತ್ತಿಗೆ ಕಾರನ್ನು ಒಳಗೆ ನಿಲ್ಲಿಸುವುದು ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಅತ್ತೆಯವರ ಮನಸ್ಸಿಗೆ ಹತ್ತಿರವಾದ ವಸ್ತುಗಳನ್ನು ಕಡೆಗೆ ಇಟ್ಟುಕೊಳ್ಳಿ. ಟೈರು, ಡಬ್ಬ, ಬ್ಯಾಟರಿ, ರದ್ದಿ ಹೊರಗೆ ಹೋದರೆ ಅರ್ಧಕ್ಕಿಂತ ಹೆಚ್ಚು ಜಾಗ ಬಿಡುವಾಗುತ್ತದೆ. ಇವುಗಳ ಬಗ್ಗೆ ಅವರೂ ಬೇಡವೆನ್ನಲಾರರು.

ಇಲಿ ಓಡಾಡಿದ ಜಾಗವನ್ನು ಒಣ ಪೊರಕೆಯಿಂದ ಗುಡಿಸಲೇಬೇಡಿ. ಅವುಗಳ ಮೂತ್ರದಿಂದ ಇಲಿಜ್ವರ ಹರಡುತ್ತದೆ, ಚರ್ಮದ ಸಣ್ಣ ಗಾಯವಿದ್ದರೂ ಸಾಕು. ಬಾಗಿಲು ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಟ್ಟು, ಬ್ಲೀಚಿಂಗ್ ಪುಡಿ ಕದಡಿದ ನೀರು ಚಿಮುಕಿಸಿ, ಕೈಗವಸು ಮತ್ತು ಮುಚ್ಚಿದ ಪಾದರಕ್ಷೆ ಧರಿಸಿ ಒರೆಸಿ ತೆಗೆಯಿರಿ. ಇಲಿ ಇರುವಲ್ಲಿ ಹಾವು ಬರುವುದು ಅಪರೂಪವಲ್ಲ. ಆದ್ದರಿಂದ ಹಗಲಿನಲ್ಲೇ ಕೆಲಸ ಮಾಡಿ, ಪ್ರತಿ ಕಟ್ಟನ್ನೂ ಮೊದಲು ಕೋಲಿನಿಂದ ಅಲುಗಿಸಿ, ಆಮೇಲೆ ಎತ್ತಿ.

ಬ್ಯಾಟರಿಯಲ್ಲಿ ಸೀಸವೂ ಗಂಧಕಾಮ್ಲವೂ ಇರುವುದರಿಂದ ಅದನ್ನು ಮಗುಚದೆ ನೆಟ್ಟಗೆ ಸಾಗಿಸಿ. ಹೊಸ ಬ್ಯಾಟರಿ ಕೊಳ್ಳುವಾಗ ಅಂಗಡಿಯವರು ಹಳೆಯದನ್ನು ಪಡೆದು ಬೆಲೆ ಇಳಿಸುವುದು ರೂಢಿ. ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಆಸಿಡ್ಡನ್ನು ಚರಂಡಿಗೆ ಸುರಿದು ಸೀಸ ಒಯ್ಯುವವರಿಗೆ ಮಾತ್ರ ಕೊಡಬೇಡಿ. ಟಿನ್ನರನ್ನೂ ಎಣ್ಣೆಬಣ್ಣವನ್ನೂ ಚರಂಡಿಗೆ ಚೆಲ್ಲದೆ, ಮುಚ್ಚಳ ಬಿಗಿದು, ಅಪಾಯಕಾರಿ ಕಸವೆಂದು ಹೇಳಿ ಪೌರಕಾರ್ಮಿಕರಿಗೆ ಪ್ರತ್ಯೇಕವಾಗಿ ಒಪ್ಪಿಸಿ.

ಟೈರುಗಳನ್ನು ಹಿತ್ತಿಲಿಗೋ ತಾರಸಿಗೋ ಸಾಗಿಸುವುದು ತೆರವಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳು ಟೈರಿನ ಒಳಮೈಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿದು, ಮಳೆ ನೀರು ತಾಗಿದೊಡನೆ ಒಡೆಯುತ್ತವೆ.

ಇಷ್ಟಾದ ಮೇಲೆ ಅತ್ತೆಯವರನ್ನು ಜಗಲಿಯಲ್ಲಿ ಕೂರಿಸಿ, ಮಾವನವರ ಸ್ಪ್ಯಾನರು, ಸುತ್ತಿಗೆಗಳನ್ನು ಒಂದೊಂದಾಗಿ ಅವರ ಮುಂದಿಡಿ. ಯಾವುದರ ಹಿಂದೆ ಯಾವ ನೆನಪಿದೆಯೆಂದು ಅವರು ಹೇಳುವಾಗ ಅವಸರಪಡಿಸಬೇಡಿ. ಈ ಕೆಲಸಕ್ಕೆ ಒಂದು ಇಡೀ ಮಧ್ಯಾಹ್ನ ಮೀಸಲಿಡುವುದು ನ್ಯಾಯ. ಉಳಿಸಿಕೊಂಡವನ್ನು ನೆಲದ ಮೇಲಿಡದೆ ಗೋಡೆಗೆ ಕಬ್ಬಿಣದ ಹಲಗೆ ಹೊಡೆಸಿ ಜೋಡಿಸಿ; ಮರದ ಹಲಗೆಗೆ ಗೆದ್ದಲು ಹತ್ತುತ್ತದೆ.

ಸ್ಕೂಟರನ್ನು ಉಳಿಸಿಕೊಳ್ಳುವುದಾದರೆ ಅದರ ನೋಂದಣಿಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ಕೊಡುವುದಾದರೆ ನೇರವಾಗಿ ಗುಜರಿಗೆ ಹಾಕದೆ, ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆದು, ಆರ್‌ಟಿಒ ಕಚೇರಿಯಲ್ಲಿ ನೋಂದಣಿಯನ್ನು ರದ್ದುಪಡಿಸಿ. ಇಲ್ಲವಾದರೆ ದಾಖಲೆಯಲ್ಲಿ ಆ ಸ್ಕೂಟರು ಮಾವನವರ ಹೆಸರಿನಲ್ಲೇ ಉಳಿಯುತ್ತದೆ.