ಬರೀ ಪ್ರಶ್ನೆ ಕೇಳುವ ಶಾಸಕರು

ತಾಲ್ಲೂಕು ಕೇಂದ್ರವೊಂದರಿಂದ ಓದುಗರೊಬ್ಬರು ಸಿಟ್ಟಿನಲ್ಲಿ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: ‘ನಮ್ಮ ಶಾಸಕರು ಅಧಿವೇಶನ ಬಂತೆಂದರೆ ಸಾಕು, ಸಾಲು ಸಾಲು ಪ್ರಶ್ನೆ ಕೇಳುತ್ತಾರೆ, ಉದ್ದುದ್ದ ಭಾಷಣ ಮಾಡುತ್ತಾರೆ. ಯಾವ ಇಲಾಖೆ ಎಷ್ಟು ಖರ್ಚು ಮಾಡಿತು, ಎಷ್ಟು ಉಳಿಸಿಕೊಂಡಿತು ಅನ್ನೋದೇ ಅವರ ಚಿಂತೆ. ನಮ್ಮ ಬಸ್ ನಿಲ್ದಾಣದ ಶೌಚಾಲಯ ಮಾತ್ರ ಹಾಗೇ ಇದೆ. ಪಕ್ಕದ ಕ್ಷೇತ್ರದವರು ಸದನದಲ್ಲಿ ಬಾಯಿ ಬಿಟ್ಟಿದ್ದನ್ನೇ ಯಾರೂ ನೋಡಿಲ್ಲ. ಆದರೆ ಅಲ್ಲಿ ಊರೂರಿಗೂ ಕಾಂಕ್ರೀಟ್ ರಸ್ತೆ, ಸಮುದಾಯ ಭವನ. ಮದುವೆ, ತಿಥಿ, ಗೃಹಪ್ರವೇಶ ಒಂದನ್ನೂ ತಪ್ಪಿಸುವುದಿಲ್ಲ. ಪ್ರಶ್ನೆ ಕೇಳಿದರೆ ಹೊಟ್ಟೆ ತುಂಬುತ್ತಾ? ನೀವು ಇಂಥವರನ್ನು ಹೊಗಳಿ ಬರೆಯುವುದನ್ನು ನಿಲ್ಲಿಸಿ.’

ನಿಲ್ಲಿಸುವುದಿಲ್ಲ ಸ್ವಾಮಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ನಿಮ್ಮ ಮಾತಿನಲ್ಲಿ ಇರುವ ನಿಜವನ್ನು ಒಪ್ಪಿಬಿಡೋಣ. ಕೆಟ್ಟು ನಿಂತ ಶೌಚಾಲಯದ ಎದುರು ನಿಂತವರಿಗೆ ಶಾಸನಸಭೆಯ ಕಡತ ತೋರಿಸಿದರೆ ರೇಗುತ್ತದೆ, ಸಹಜ. ಪ್ರಶ್ನೆ ಕೇಳುವವರೆಲ್ಲ ಸಾಚಾಗಳೂ ಅಲ್ಲ. ದುಡ್ಡು ತಗೊಂಡು ಪ್ರಶ್ನೆ ಕೇಳಿದ್ದಕ್ಕೆ 2005ರ ಡಿಸೆಂಬರಿನಲ್ಲಿ 11 ಸಂಸದರನ್ನು ಸಂಸತ್ತೇ ಹೊರಗೆ ಹಾಕಿತು. ಇನ್ನು ಕೆಲವರು ಗುತ್ತಿಗೆದಾರರನ್ನು ಹೆದರಿಸೋಕೆ ಪ್ರಶ್ನೆ ಹಾಕುತ್ತಾರೆ, ಆಮೇಲೆ ಉತ್ತರ ಬರುವ ದಿನ ಸದನಕ್ಕೇ ಬರುವುದಿಲ್ಲ. ಸರಿ, ನಿಮ್ಮ ಕಡೆಗೆ ಇಷ್ಟು ಸಾಕು.

ಈಗ ಸಣ್ಣ ಲೆಕ್ಕ. ಒಬ್ಬ ಶಾಸಕರಿಗೆ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ ಸಿಗುವುದು 2 ಕೋಟಿ. ವಿಧಾನಸಭೆಯ 224 ಜನರದ್ದೂ ಸೇರಿಸಿದರೆ 448 ಕೋಟಿ. 2025-26ರ ನಮ್ಮ ರಾಜ್ಯದ ಬಜೆಟ್ 4 ಲಕ್ಷದ 9 ಸಾವಿರ ಕೋಟಿ ದಾಟಿದೆ. ಅಂದರೆ ಸರ್ಕಾರ ಸಾವಿರ ರೂಪಾಯಿ ಖರ್ಚು ಮಾಡುವಾಗ ಶಾಸಕರ ಕೈಯಲ್ಲಿ ನೇರವಾಗಿ ಇರುವುದು ಒಂದು ರೂಪಾಯಿ ಚಿಲ್ಲರೆ. ನಿಮ್ಮ ಪಕ್ಕದ ಕ್ಷೇತ್ರದವರು ಆ ಒಂದು ರೂಪಾಯಿಯ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡು ಓಡಾಡುತ್ತಿದ್ದಾರೆ. ನಿಮ್ಮವರು ಉಳಿದ ಒಂಬೈನೂರ ತೊಂಬತ್ತೊಂಬತ್ತು ಎಲ್ಲಿಗೆ ಹೋಯಿತು ಅಂತ ಕೇಳುತ್ತಿದ್ದಾರೆ. ಯಾರು ನಿಮ್ಮ ಕೆಲಸ ಮಾಡುತ್ತಿದ್ದಾರೆ, ನೀವೇ ಹೇಳಿ.

ಪಕ್ಕದವರು ನಿಧಿ ಮೀರಿ ವಿಶೇಷ ಅನುದಾನವನ್ನೂ ತಂದಿರಬಹುದು, ಒಪ್ಪುತ್ತೇನೆ. ಅದನ್ನು ಕೊಟ್ಟವರು ಯಾರು, ಯಾತಕ್ಕೆ ಕೊಟ್ಟರು, ಅದಕ್ಕೂ ಅವರು ಸದನದಲ್ಲಿ ಬಾಯಿ ಬಿಡದೇ ಇರುವುದಕ್ಕೂ ಏನಾದರೂ ಸಂಬಂಧ ಉಂಟಾ ಅಂತ ಸುಮ್ನೆ ಒಮ್ಮೆ ಯೋಚಿಸಿ.

ಒಂದು ಪ್ರಶ್ನೆ ಏನು ಮಾಡುತ್ತದೆ ಅನ್ನೋದು ಗೊತ್ತಾಗಬೇಕಾದರೆ ಯಾವುದಾದರೂ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರನ್ನು ಕೇಳಬೇಕು. ‘ಎಲ್‌ಎಕ್ಯೂ (ವಿಧಾನಸಭೆಯ ಪ್ರಶ್ನೆ) ಬಂದಿದೆ’ ಅಂದರೆ ಅಲ್ಲಿ ರಜೆ ರದ್ದು. ಶಾಸಕರು ಕೊಟ್ಟ ಪ್ರಶ್ನೆ ಸಚಿವಾಲಯದಿಂದ ಇಲಾಖೆಗೆ, ಅಲ್ಲಿಂದ ನಿರ್ದೇಶನಾಲಯಕ್ಕೆ, ಜಿಲ್ಲೆಗೆ, ತಾಲ್ಲೂಕಿಗೆ ಇಳಿಯುತ್ತದೆ. ಇಂತಿಷ್ಟು ದಿನದೊಳಗೆ ಉತ್ತರ ಮೇಲಕ್ಕೆ ಹತ್ತಬೇಕು. ಸಾಮಾನ್ಯ ಜನ ವರ್ಷಗಟ್ಟಲೆ ಅಲೆದರೂ ತೆರೆಯದ ಬೀರು ಆಗ ತೆರೆಯುತ್ತದೆ.

ನಾನು ವರದಿಗಾರನಾಗಿದ್ದ ಕಾಲದ್ದು ಒಂದು ಸಂಗತಿ. ಸಣ್ಣ ಊರೊಂದರ ಸರ್ಕಾರಿ ಆಸ್ಪತ್ರೆಗೆ ಎಕ್ಸ್‌ರೇ ಯಂತ್ರ ಮಂಜೂರಾಗಿತ್ತು. ಯಂತ್ರ ಬಂದಿದೆಯೇ, ಬಂದಿದ್ದರೆ ಈವರೆಗೆ ಎಷ್ಟು ರೋಗಿಗಳಿಗೆ ಉಪಯೋಗವಾಗಿದೆ ಅಂತ ಅಲ್ಲಿನ ಶಾಸಕರು ಕೇಳಿದರು. ಚುಕ್ಕೆ ಗುರುತಿಲ್ಲದ ಪ್ರಶ್ನೆ, ಅಂದರೆ ಬರೀ ಲಿಖಿತ ಉತ್ತರ ಸಿಗುವಂಥದ್ದು. ಸದನದಲ್ಲಿ ಯಾರೂ ಅದನ್ನು ಓದಲಿಲ್ಲ, ಟಿ.ವಿ.ಯಲ್ಲಿ ಬರಲಿಲ್ಲ. ಆದರೆ ಉತ್ತರ ಬರೆಯಬೇಕಲ್ಲ? ಹುಡುಕಿಕೊಂಡು ಹೋದರೆ ಯಂತ್ರ ಪೆಟ್ಟಿಗೆಯೊಳಗೇ ಇತ್ತು. ಪೆಟ್ಟಿಗೆಯ ಮೇಲೆ ಹಳೇ ರಿಜಿಸ್ಟರುಗಳನ್ನು ಜೋಡಿಸಿದ್ದರು. ಅದನ್ನು ನಡೆಸುವ ತಂತ್ರಜ್ಞರ ಹುದ್ದೆಯೇ ಮಂಜೂರಾಗಿರಲಿಲ್ಲ. ‘ರೋಗಿಗಳ ಸಂಖ್ಯೆ: ಶೂನ್ಯ’ ಅಂತ ಬರೆದು ಸಚಿವರ ಸಹಿಗೆ ಕಳಿಸಲು ಯಾವ ಅಧಿಕಾರಿಗೆ ಧೈರ್ಯ ಬರುತ್ತದೆ? ಉತ್ತರದ ದಿನ ಬರುವ ಮೊದಲೇ ಇನ್ನೊಂದು ಆಸ್ಪತ್ರೆಯಿಂದ ತಂತ್ರಜ್ಞರನ್ನು ನಿಯೋಜನೆ ಮೇಲೆ ಕಳಿಸಿದರು. ಊರಿನವರು ಯಾರಿಗೆ ಹಾರ ಹಾಕಿದರು ಗೊತ್ತಾ? ಯಂತ್ರ ‘ಉದ್ಘಾಟನೆ’ ಮಾಡಿದ ಬೇರೆ ಮುಖಂಡರಿಗೆ!

ನಮ್ಮ ವಿಧಾನಸಭೆಯ ಉತ್ತರಗಳನ್ನು ಓದಿ ನೋಡಿ, ಒಳ್ಳೆಯ ಮನರಂಜನೆ. ಎಡಗಡೆ (ಅ), (ಆ), (ಇ) ಅಂತ ಪ್ರಶ್ನೆ, ಬಲಗಡೆ ಉತ್ತರ. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ‘ಬಂದಿದೆ.’ ‘ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ‘ಅನುದಾನದ ಲಭ್ಯತೆಯ ಮೇರೆಗೆ ಪರಿಶೀಲಿಸಲಾಗುವುದು.’ ಜಾಸ್ತಿ ತೊಂದರೆಯ ಪ್ರಶ್ನೆಯಾದರೆ ‘ಉದ್ಭವಿಸುವುದಿಲ್ಲ.’ ಆದರೆ ಅದೇ ಕಾಗದದ ಹಿಂದೆ ಅನುಬಂಧ ಅಂತ ಒಂದು ಪಟ್ಟಿ ಇರುತ್ತದೆ. ಕಾಮಗಾರಿ ಹೆಸರು, ಮಂಜೂರಾದ ಮೊತ್ತ, ಖರ್ಚಾದ ಮೊತ್ತ, ಪೂರ್ಣಗೊಂಡಿದೆ ಅಥವಾ ಪ್ರಗತಿಯಲ್ಲಿದೆ. ಸಚಿವರೇ ಸದನಕ್ಕೆ ಕೊಟ್ಟ ಲೆಕ್ಕ ಅದು. ಬೇಕಂತಲೇ ಸುಳ್ಳು ಹೇಳಿದ್ದರೆ ಅದು ಸದನದ ಹಕ್ಕುಚ್ಯುತಿ ಆಗಬಹುದು. ನಿಮ್ಮ ಬೀದಿಯಲ್ಲಿ ಇಲ್ಲದ ಚರಂಡಿ ಆ ಪಟ್ಟಿಯಲ್ಲಿ ‘ಪೂರ್ಣಗೊಂಡಿದೆ’ ಅಂತ ಇದ್ದರೆ ಮುಂದಿನ ಜಗಳಕ್ಕೆ ಬೇಕಾದ ಸಾಕ್ಷಿ ನಿಮ್ಮ ಕೈಗೆ ಸಿಕ್ಕಿತು.

ಒಂದು ಒಣ ಪ್ರಶ್ನೆ ಹಣಕಾಸು ಸಚಿವರನ್ನೇ ಮನೆಗೆ ಕಳಿಸಿದ ಉದಾಹರಣೆಯೂ ಇದೆ. 1957. ಎಲ್‌ಐಸಿ ಹುಟ್ಟಿ ಆಗಿನ್ನೂ ಒಂದು ವರ್ಷ. ಕಾನ್ಪುರದ ಕಂಪನಿಯೊಂದರ ಷೇರುಗಳನ್ನು ಅದು ಕೊಂಡಿದೆಯೇ ಅಂತ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಹಾರಿಕೆಯ ಉತ್ತರ ಸಿಕ್ಕಿತು. ಸಂಸದ ಫಿರೋಜ್ ಗಾಂಧಿ ಅದನ್ನು ಬಿಡಲಿಲ್ಲ. ಆ ವರ್ಷ ಡಿಸೆಂಬರಿನಲ್ಲಿ ದಾಖಲೆ ಹಿಡಿದು ಎದ್ದು ನಿಂತರು. ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳಲ್ಲಿ ಪಾಲಿಸಿದಾರರ ಸುಮಾರು ಒಂದೂಕಾಲು ಕೋಟಿ ರೂಪಾಯಿ ಹಾಕಿದ ಕಥೆ ಹೊರಬಿತ್ತು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಬಹಿರಂಗವಾಗಿ ವಿಚಾರಣೆ ನಡೆಸಿದರು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಫಿರೋಜ್ ಇದ್ದದ್ದು ಆಳುವ ಪಕ್ಷದಲ್ಲೇ, ಪ್ರಧಾನಿಯಾಗಿದ್ದ ನೆಹರೂ ಫಿರೋಜರಿಗೆ ಮಾವ! ಇವತ್ತು ಆಳುವ ಪಕ್ಷದ ಶಾಸಕರು ತಮ್ಮ ಸಚಿವರಿಗೆ ಹಾಕುವ ಪ್ರಶ್ನೆಗಳನ್ನು ನೋಡಿ. ಹೊಗಳಿಕೆ ಮುಗಿದ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ, ಅಷ್ಟೇ.

ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. 1963ರಲ್ಲಿ ಫರೂಕಾಬಾದಿನ ಉಪಚುನಾವಣೆ ಗೆದ್ದು ಬಂದವರೇ ಆಗಸ್ಟಿನಲ್ಲಿ, ಅವಿಶ್ವಾಸ ನಿರ್ಣಯದ ಚರ್ಚೆಯಲ್ಲಿ, ದಿನದ ಲೆಕ್ಕ ತೆಗೆದರು. ಪ್ರಧಾನಿಯ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚು, ದೇಶದ 27 ಕೋಟಿ ಜನರ ಬದುಕು ದಿನಕ್ಕೆ ಮೂರಾಣೆಯಲ್ಲಿ. ನೆಹರೂ ಅದು ಹದಿನೈದಾಣೆ ಅಂದರು. ಯೋಜನಾ ಸಚಿವ ನಂದಾ ಏಳೂವರೆ ಆಣೆಗೆ ಇಳಿದರು. ಸರ್ಕಾರದೊಳಗೇ ಎರಡು ಲೆಕ್ಕ! ಮೂರೋ, ಏಳೋ, ಹದಿನೈದೋ, ಅದನ್ನು ಪಂಡಿತರು ಬಗೆಹರಿಸಲಿ. ಬಡವರ ದಿನದ ಗಳಿಕೆ ಎಷ್ಟು ಅಂತ ಸಂಸತ್ತು ಕೂತು ಜಗಳವಾಡಿತಲ್ಲ, ಅದು ನನಗೆ ದೊಡ್ಡದು. ಯಾವ ಸಮುದಾಯ ಭವನವೂ ಆ ಕೆಲಸ ಮಾಡಲಾರದು.

ಇದೇ ಲೋಹಿಯಾ 1951ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಗೋಡಿನ ಗೇಣಿದಾರರಿಗಾಗಿ ಬಂದು ಬಂಧನಕ್ಕೊಳಗಾದವರು. ಆ ಚಳವಳಿಯಿಂದ ಬಂದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸದನಕ್ಕೆ ಹೋದರು. ಜನ ಮತ ಕೊಟ್ಟು, ಮೇಲೆ ದುಡ್ಡನ್ನೂ ಕೊಟ್ಟು ಕಳಿಸಿದ ಶಾಸಕರು ಅವರು. ಗೇಣಿದಾರರ ಬಗ್ಗೆ, ಈ ನಾಡಿಗೆ ಕರ್ನಾಟಕ ಅಂತ ಹೆಸರಿಡುವ ಬಗ್ಗೆ ಮಾತಾಡಿದರು. 1957ರಲ್ಲಿ ಸೋತರು, ಮತ್ತೆ ಗೆದ್ದರು, ಮತ್ತೆ ಮಾತಾಡಿದರು. 1972ರಲ್ಲಿ ತೀರಿಕೊಂಡರು. ಹೆಸರು ಬಂದಿದ್ದು 1973ರಲ್ಲಿ, ಗೇಣಿದಾರರಿಗೆ ನೆಲ ಕೊಡಿಸಿದ ಭೂಸುಧಾರಣೆ ತಿದ್ದುಪಡಿ ಜಾರಿಯಾದದ್ದು 1974ರಲ್ಲಿ. ಅವರು ಬದುಕಿದ್ದಾಗ ನಿಮ್ಮಂಥವರೊಬ್ಬರು ‘ಭಾಷಣದಿಂದ ಏನು ಉಪಯೋಗ’ ಅಂತ ಪತ್ರ ಬರೆದಿರಲಿಕ್ಕೂ ಸಾಕು. ಬೇಜಾರು ಮಾಡ್ಕೋಬೇಡಿ.

ಇನ್ನೂ ಹತ್ತಿರದ ಉದಾಹರಣೆ ಎ.ಟಿ. ರಾಮಸ್ವಾಮಿ. ಅರಕಲಗೂಡಿನ ಶಾಸಕರಾಗಿದ್ದವರು, ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನು ಒತ್ತುವರಿ ಹುಡುಕಲು ನೇಮಿಸಿದ ಜಂಟಿ ಸದನ ಸಮಿತಿಯ ಅಧ್ಯಕ್ಷರಾದರು. ಊರೂರಿಗೆ ಹೋಗಿ ಸರ್ವೆ ನಂಬರ್ ನೋಡಿದರು. 2007ರಲ್ಲಿ ಬಂದ ವರದಿ 27 ಸಾವಿರಕ್ಕೂ ಹೆಚ್ಚು ಎಕರೆ ಒತ್ತುವರಿಯಾಗಿದೆ ಅಂತ ಹೇಳಿತು. ಮುಂದೆ ಭೂಕಬಳಿಕೆ ನಿಷೇಧ ಕಾಯ್ದೆ, ಅದಕ್ಕೊಂದು ವಿಶೇಷ ನ್ಯಾಯಾಲಯ ಎಲ್ಲ ಬಂದವು. ರಾಜ್ಯದ ಆಸ್ತಿ ಕಾಯ್ದ ಶಾಸಕರಿಗೆ ಸಿಕ್ಕ ಬಹುಮಾನ? 2008ರ ಚುನಾವಣೆಯಲ್ಲಿ ಸೋಲು. ಸೋಲಿಗೆ ಕಾರಣ ನೂರಿರಬಹುದು, ಆದರೆ ಕಾಣದ ಎಕರೆಗೆ ಯಾರೂ ಮತ ಹಾಕುವುದಿಲ್ಲ ಅನ್ನೋದು ಅವುಗಳಲ್ಲೊಂದು ಅಂತ ನನ್ನ ಗುಮಾನಿ.

ಸದನ ಕೂತರೆ ತಾನೇ ಪ್ರಶ್ನೆ? ವರ್ಷಕ್ಕೆ ಕನಿಷ್ಠ 60 ದಿನ ಕಲಾಪ ನಡೆಯಬೇಕು ಅಂತ 2005ರಲ್ಲಿ ನಮ್ಮ ರಾಜ್ಯವೇ ಕಾಯ್ದೆ ಮಾಡಿಕೊಂಡಿತು. ಆ ಗುರಿ ಮುಟ್ಟಿದ ವರ್ಷ ತೀರಾ ಅಪರೂಪ. ತಾವೇ ಮಾಡಿದ ಕಾನೂನನ್ನು ತಾವೇ ಮುರಿದರೆ ಯಾವ ಠಾಣೆಗೆ ದೂರು ಕೊಡುವುದು? ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಮಂಡನೆಯಾಗುವುದು ಬಹಳ ಸಲ ಅಧಿವೇಶನ ಮುಗಿಯುವ ಹೊತ್ತಿಗೆ, ಎಲ್ಲರೂ ಬ್ಯಾಗ್ ಕಟ್ಟಿಕೊಂಡ ಮೇಲೆ. ದೆಹಲಿಯಲ್ಲೂ ಇದೇ ಹಾಡು. 2023ರ ಮಾರ್ಚಿನಲ್ಲಿ ಸುಮಾರು 45 ಲಕ್ಷ ಕೋಟಿಯ ಬಜೆಟ್ಟಿನ ಅನುದಾನ ಬೇಡಿಕೆಗಳು ಲೋಕಸಭೆಯಲ್ಲಿ ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಪಾಸಾದವು. 2018ರಲ್ಲೂ ಹೀಗೇ ಆಗಿತ್ತು. ಮನೆಗೆ ಒಂದು ಫ್ರಿಜ್ ತರೋಕೆ ನಾವು ನಾಲ್ಕು ಅಂಗಡಿ ತಿರುಗುತ್ತೇವೆ, ಅಲ್ವಾ?

ಇದರಲ್ಲಿ ನಮ್ಮ ಪತ್ರಿಕೋದ್ಯಮದ ಪಾಲೂ ದೊಡ್ಡದು. ಒಂದು ಕಾಲದಲ್ಲಿ ದಿನಪತ್ರಿಕೆಗಳು ಪ್ರಶ್ನೋತ್ತರ ವೇಳೆಗೆ ಸಾಕಷ್ಟು ಜಾಗ ಬಿಡುತ್ತಿದ್ದವು. ಯಾವ ತಾಲ್ಲೂಕಿನ ಕೆರೆ, ಯಾವ ಸೇತುವೆ, ಸಚಿವರು ಏನಂದರು, ಎಲ್ಲ ಇರುತ್ತಿತ್ತು. ಈಗ ಮೈಕ್ ಕಿತ್ತರೆ, ಕಾಗದ ಹರಿದು ಎಸೆದರೆ ಮುಖಪುಟ. ಶಾಸಕರೇನು ದಡ್ಡರೇ? ಯಾವುದು ಅಚ್ಚಾಗುತ್ತದೋ ಅದನ್ನೇ ಮಾಡುತ್ತಾರೆ. ರಾತ್ರಿ ಕೂತು ಲೆಕ್ಕಪತ್ರ ಓದಿ ಬಂದವರು ಪೂರಕ ಪ್ರಶ್ನೆ ಕೇಳುವಾಗ ಪತ್ರಕರ್ತರ ಗ್ಯಾಲರಿ ಕ್ಯಾಂಟೀನಿನಲ್ಲಿ ಇರುತ್ತದೆ.

ನಿಮ್ಮ ಶಾಸಕರು ನಿಮ್ಮ ಬಸ್ ನಿಲ್ದಾಣದ ಬಗ್ಗೆ ಕೇಳಿಯೇ ಇಲ್ಲ ಅಂತ ನಿಮಗೆ ಹೇಳಿದವರು ಯಾರು? ವಿಧಾನಸಭೆಯ ಉತ್ತರಗಳು ಈಗ ಇಂಟರ್ನೆಟ್ಟಿನಲ್ಲಿ, ಕನ್ನಡದಲ್ಲೇ ಸಿಗುತ್ತವೆ. ಹುಡುಕಿ. ಇಲ್ಲದಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ, ನೀವೇ ಪ್ರಶ್ನೆ ಬರೆದು ಕೊಡಿ: ನಿರ್ವಹಣೆಗೆ ಐದು ವರ್ಷದಲ್ಲಿ ಬಂದ ಹಣ ಎಷ್ಟು, ಗುತ್ತಿಗೆ ಯಾರಿಗೆ, ಬಿಲ್ ಆಗಿದೆಯೇ. ಇದು ನಮ್ಮ ಉಳಿದ ಓದುಗರಿಗೂ ಹೇಳುತ್ತಿರುವ ಮಾತು. ನಿಮ್ಮ ತಾಲ್ಲೂಕಿನ ಬಗ್ಗೆ ಸದನದಲ್ಲಿ ಕೊಟ್ಟ ಉತ್ತರ ಸಿಕ್ಕಿದರೆ ಅನುಬಂಧದ ಸಮೇತ ಕಳಿಸಿ, ಪಕ್ಕದಲ್ಲಿ ಆ ಕಾಮಗಾರಿಯ ಈಗಿನ ಫೋಟೊ ಇರಲಿ. ಎರಡನ್ನೂ ಅಚ್ಚು ಹಾಕುತ್ತೇವೆ. ಪುಟ ಸಾಲದೆ ಹೋದರೆ ವಾರಭವಿಷ್ಯ ಕತ್ತರಿಸೋಣ, ಬೈಗುಳದ ಪತ್ರಗಳಿಗೆ ನಾನೇ ಉತ್ತರ ಬರೆಯುತ್ತೇನೆ.