ಮಿಂಚು ಕಂಡ ಮೇಲೆ ಹತ್ತು ಎಣಿಸಿದರೆ ಹೊರಗೇ ಇರಬಹುದಾ?

ಮಿಂಚು ಕಂಡ ಮೇಲೆ ಗುಡುಗು ಕೇಳುವುದರೊಳಗೆ ಹತ್ತು ಎಣಿಸಲು ಆದರೆ ಹೊರಗೇ ಇರಬಹುದಾ ಅಂತ ಕೇಳಿದ್ದೀರಿ. ಬೇಡ, ಒಳಗೆ ಹೋಗಿ.

ಚಿಕ್ಕವನಿದ್ದಾಗ ನಾನೂ ಹೀಗೇ ಎಣಿಸುತ್ತಿದ್ದೆ. ಲೆಕ್ಕವೇನೋ ಸರಿ. ಬೆಳಕು ಆ ಕ್ಷಣಕ್ಕೇ ಕಣ್ಣಿಗೆ ಬೀಳುತ್ತದೆ, ಸದ್ದು ಮಾತ್ರ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 3 ಸೆಕೆಂಡಿಗೆ ಒಂದು ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಆದರೆ ಅದು ಆಗಲೇ ಹೊಡೆದು ಮುಗಿದ ಮಿಂಚಿನ ಲೆಕ್ಕ, ಮುಂದಿನದರದ್ದಲ್ಲ. ಒಂದು ಸಂಜೆ ಇಪ್ಪತ್ತರವರೆಗೆ ಎಣಿಸಿ, ದೂರ ಇದೆ ಬಿಡು ಅಂತ ಬಯಲಲ್ಲೇ ನಿಂತಿದ್ದೆ. ಮರುಮಿಂಚಿಗೆ 'ಒಂದು' ಅನ್ನುವಷ್ಟರಲ್ಲೇ ಕಿವಿ ಗುಂಯ್ ಅಂದಿತು. ಅವತ್ತು ಓಡಿದ ಹಾಗೆ ಮತ್ತೆ ಯಾವತ್ತೂ ಓಡಿಲ್ಲ.

ಹೀಗೇಕೆ ಆಗುತ್ತದೆ ಅಂದರೆ, ಮೋಡದೊಳಗೆ ಹಿಮದ ಹರಳುಗಳೂ ಮೆತ್ತನೆಯ ಪುಟ್ಟ ಆಲಿಕಲ್ಲುಗಳೂ ಒಂದಕ್ಕೊಂದು ಬಡಿದುಕೊಳ್ಳುತ್ತಾ ವಿದ್ಯುತ್ತು ಎರಡಾಗಿ ಬೇರೆಯಾಗುತ್ತದೆ. ಹೆಚ್ಚಾಗಿ ಧನ (ಪ್ಲಸ್) ವಿದ್ಯುತ್ತು ಮೇಲಕ್ಕೆ, ಋಣ (ಮೈನಸ್) ಕೆಳಕ್ಕೆ. ಮೋಡದ ಕೆಳಭಾಗದಿಂದ ವಿದ್ಯುತ್ತಿನ ಒಂದು ಎಳೆ ಸುಮಾರು 50 ಮೀಟರಿನ ನೆಗೆತಗಳಲ್ಲಿ ನೆಲದತ್ತ ಇಳಿಯುತ್ತದೆ. ಅದು ಹತ್ತಿರ ಬಂದಾಗ ಮರ, ಕಂಬ, ಬಯಲಲ್ಲಿ ನಿಂತ ಮನುಷ್ಯ, ಎಲ್ಲದರಿಂದಲೂ ಎಳೆಗಳು ಮೇಲಕ್ಕೆ ಏಳುತ್ತವೆ. ಯಾವುದು ಮೊದಲು ಕೂಡಿಕೊಳ್ಳುತ್ತದೋ ಅಲ್ಲಿಗೆ ಸಿಡಿಲು. ಅಂದರೆ ಕೊನೆಯ ನೆಗೆತದವರೆಗೂ ತಾನು ಎಲ್ಲಿ ಬಡಿಯುತ್ತೇನೆ ಅನ್ನುವುದು ಸಿಡಿಲಿಗೇ ಗೊತ್ತಿರುವುದಿಲ್ಲ, ಇನ್ನು ನಮ್ಮ ಎಣಿಕೆಗೆ ಹೇಗೆ ಗೊತ್ತಾಗಬೇಕು?

ಆ ದಾರಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಸೂರ್ಯನ ಮೇಲ್ಮೈಗಿಂತ ಐದು ಪಟ್ಟು! ಅದು ಒಮ್ಮೆಲೇ ಹಿಗ್ಗುವ ಸದ್ದೇ ಗುಡುಗು. ಮಿಂಚು ಕಿಲೋಮೀಟರುಗಟ್ಟಲೆ ಉದ್ದ ಇರುವುದರಿಂದ ಅದರ ಬೇರೆ ಬೇರೆ ಭಾಗಗಳ ಸದ್ದು ಹಿಂದೆ ಮುಂದೆ ಬಂದು ಮುಟ್ಟುತ್ತದೆ, ಅದಕ್ಕೇ ಆ ಗುಡುಗುಡು. ಈ ಸದ್ದು ಸಾಮಾನ್ಯವಾಗಿ ಕೇಳಿಸುವುದು ಸುಮಾರು 15 ಕಿಲೋಮೀಟರಿನವರೆಗೆ. ಮೋಡದಿಂದ ಪಕ್ಕಕ್ಕೆ ಚಾಚುವ ಸಿಡಿಲೂ ಅಷ್ಟು ದೂರ ಬರಬಲ್ಲದು. ಹಾಗಾಗಿ ಗುಡುಗು ಕೇಳಿತು ಅಂದರೆ ನೀವು ಅದರ ಅಳತೆಯೊಳಗೇ ಇದ್ದೀರಿ. ಕೊನೆಯ ಗುಡುಗಾದ ಮೇಲೂ 30 ನಿಮಿಷ ಹೊರಗೆ ಬರಬೇಡಿ.

ಮರದ ಕೆಳಗೆ ನಿಲ್ಲಬಹುದಾ ಅಂತಲೂ ಕೇಳಿದ್ದೀರಿ. ಅದಂತೂ ಬೇಡವೇ ಬೇಡ. ಮರಕ್ಕೆ ಹೊಡೆದ ಸಿಡಿಲು ಪಕ್ಕದವರ ಮೈಗೆ ಹಾರುತ್ತದೆ, ನೆಲದಲ್ಲೂ ಹರಡುತ್ತದೆ. ಜಾಸ್ತಿ ಜನ ಸಾಯುವುದು ನೇರ ಹೊಡೆತದಿಂದಲ್ಲ, ಹೀಗೆ. ಅದಕ್ಕೇ ನೆಲದ ಮೇಲೆ ಮಲಗುವುದೂ ತಪ್ಪು. ಹತ್ತಿರ ಕಟ್ಟಡ ಇಲ್ಲದಿದ್ದರೆ ಕಾರಿನೊಳಗೆ ಕೂತು ಗಾಜು ಏರಿಸಿ. ಕಾಪಾಡುವುದು ರಬ್ಬರ್ ಟೈರಲ್ಲ, ಸುತ್ತಲಿನ ಲೋಹದ ಮೈ. ಮನೆಯೊಳಗೆ ನಲ್ಲಿ, ಪ್ಲಗ್ಗಿಗೆ ಸಿಕ್ಕಿಸಿದ ವಸ್ತು, ವೈರಿನ ಫೋನು ಮುಟ್ಟಬೇಡಿ. ಮೊಬೈಲನ್ನು ಸುಮ್ನೆ ಬೈಯುತ್ತಾರೆ, ಚಾರ್ಜಿಗೆ ಹಾಕಿರದಿದ್ದರೆ ಅದು ಸಿಡಿಲನ್ನೇನೂ ಕರೆಯುವುದಿಲ್ಲ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಅಂತ ದೂರ ನಿಲ್ಲುತ್ತಾರಲ್ವಾ? ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರಾಟ ನಿಂತಿದ್ದರೆ ಆಂಬುಲೆನ್ಸಿಗೆ ಫೋನ್ ಮಾಡಲು ಪಕ್ಕದವರಿಗೆ ಹೇಳಿ, ನೀವು ತಕ್ಷಣ ಎದೆ ಒತ್ತಲು ಶುರುಮಾಡಿ.